ಪೂರ್ತಿ ಒಂದು ನಿಮಿಷ

ಏಳನೆಯ ಕಂತು

"ಸಹಿ ಹಾಕು, ವಿಲಿ. ಪೆನ್ನಿದೆ, ಕಾಗದ ಇದೆ. ಇನ್ನೇನು, ಪಾದ್ರಿನ ಕರೆಸ್ಬೇಕಾ?"

ಮೇಟ್ರನ್ ಸಾಲನಿಯೇಟಾ ಪೆನ್ನನ್ನು ಬೆರಳ ತುದಿಯಿಂದ ಮೇಜಿನಾಚೆಗೆ ನೂಕಿದರು. ಅದು ಉರುಳಿಕೊಂಡು ಬಂದು ವಿಲಿಮೈನಾಳ ಕೈಗೆ ತಾಗಿ ನಿಂತಿತು. ಅವಳು ಅದನ್ನು ಮುಟ್ಟಲಿಲ್ಲ.

ಕಾಗದದಲ್ಲಿದ್ದದ್ದು ನಾಲ್ಕೇ ಸಾಲು. ಶಸ್ತ್ರಚಿಕಿತ್ಸೆಯಾಗಿ ರಿಕವರಿ ಕೋಣೆಗೆ ಬಂದ ಕಿತಿಯೋನೆ ಎಂಬ ರೋಗಿಗೆ ಮಂಗಳವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಎರಡು ಮಿಲಿಗ್ರಾಂ ಮಾರ್ಫಿನ್ ಕೊಡುವ ಬದಲು, ಕಣ್ತಪ್ಪಿನಿಂದ ಹತ್ತು ಮಿಲಿಗ್ರಾಂ ಕೊಟ್ಟೆ. ಕೆಳಗೆ ಅವಳ ಪೂರ್ತಿ ಹೆಸರು. ಹೆಸರಿನ ಮೇಲೆ ಖಾಲಿ ಜಾಗ.

"ನಾನು ಕೊಟ್ಟಿದ್ದು ಎರಡು," ಎಂದಳು ವಿಲಿಮೈನಾ.

"ಆಂಪೂಲ್ ಸೀಸೆಲಿ ಇದ್ದಿದ್ದು ಹತ್ತು. ಉಳಿದ ಎಂಟು?"

"ಸಿಂಕಿಗೆ ಸುರಿದೆ."

"ಯಾರೆದುರಿಗೆ?"

ತಪ್ಪು ಅಂತ ಇದ್ದರೆ ಅವಳದು ಅಲ್ಲೇ ಇತ್ತು. ಮಿಕ್ಕ ಮಾರ್ಫಿನನ್ನು ಇನ್ನೊಬ್ಬ ನರ್ಸಿನ ಎದುರಿಗೇ ಚೆಲ್ಲಬೇಕು, ಇಬ್ಬರೂ ಸಹಿ ಹಾಕಬೇಕು. ಆದರೆ ಮಂಗಳವಾರ ರಿಕವರಿ ಕೋಣೆಯಲ್ಲಿ ಇಬ್ಬರು ರೋಗಿಗಳು, ಒಬ್ಬಳೇ ನರ್ಸು. ಈ ಆಸ್ಪತ್ರೆಯಲ್ಲಿ ಎಲ್ಲರೂ ಮೊದಲು ಸುರಿಯುತ್ತಾರೆ, ಪಾಳಿ ಮುಗಿಯುವಾಗ ಎದುರಿಗೆ ಸಿಕ್ಕವರಿಂದ ಸಹಿ ತೆಗೆದುಕೊಳ್ಳುತ್ತಾರೆ. ಹದಿನಾಲ್ಕು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಮೊನ್ನೆ ಪಾಳಿ ಮುಗಿಯುವ ಹೊತ್ತಿಗೆ ಎದುರಿಗೆ ಸಿಕ್ಕಿದ್ದು ಪೊಲೀಸರು.

"ಯಾರೆದುರಿಗೂ ಅಲ್ಲ," ಎಂದಳು. "ಅದು ನನ್ನ ತಪ್ಪು. ಅದನ್ನ ಬರೀರಿ, ಈಗಲೇ ಸಹಿ ಹಾಕ್ತೀನಿ. ಇದಕ್ಕೆ ಹಾಕಲ್ಲ."

ಮೇಟ್ರನ್ ಗೋಡೆ ಗಡಿಯಾರದತ್ತ ನೋಡಿದರು. ಒಂದಕ್ಕೆ ಹತ್ತು ನಿಮಿಷ ಇತ್ತು.

"ಸಹಿ ಹಾಕಿದ್ರೆ ಮತಾಸೌ ದ್ವೀಪದ ದವಾಖಾನೆಲಿ ಆರು ತಿಂಗಳು. ಆಮೇಲೆ ವಾಪಸ್ ನಿನ್ನ ಕೋಣೆಗೆ. ಹಾಕ್ದೇ ಇದ್ರೆ ಮೂರೂವರೆ ವಿಮಾನಕ್ಕೆ ನನ್ನ ಪತ್ರ ಸುವಾದಲ್ಲಿರೋ ನರ್ಸಿಂಗ್ ಕೌನ್ಸಿಲ್‌ಗೆ ಹೋಗುತ್ತೆ. ನಿನ್ನ ನೋಂದಣಿ ರದ್ದು. ಇನ್ಮೇಲೆ ನೀನು ನರ್ಸ್ ಅಲ್ಲ. ಅಷ್ಟರಲ್ಲಿ ಅವನು ಸತ್ತ ಅಂದ್ರೆ, ಪೊಲೀಸ್ ಕೇಸಿನ ಹೆಸರೇ ಬೇರೆ ಆಗುತ್ತೆ."

"ಮೇಟ್ರನ್, ಜುಲೈಲಿ ಮುಳುಗಿದ ಹಡಗಿನ ಇಂಜಿನಿಯರ್ ಅವನು. ನೀರೆತ್ತೋ ಪಂಪು ಕೆಟ್ಟಿತ್ತು, ಕೆಟ್ಟಿದ್ದು ಗೊತ್ತಿದ್ದೂ ಹಡಗು ಬಿಟ್ರು ಅಂತ ಶುಕ್ರವಾರ ವಿಚಾರಣೆಲಿ ಹೇಳ್ಬೇಕಾದವನು. ಪಿತ್ತಕೋಶದ ಕಲ್ಲು ತೆಗೆಸ್ಕೊಳ್ಳೋಕೆ ಬಂದು ಮಂಗಳವಾರ ಉಸಿರು ನಿಲ್ಲಿಸ್ತಾನೆ. ನಿಮಗಿದು ಕಣ್ತಪ್ಪು ಅನ್ಸುತ್ತಾ?"

"ಅದಕ್ಕೇ ಅಲ್ವಾ ಕಾವಲಿಗೆ ಪೊಲೀಸ್ ಹಾಕಿದ್ದು? ವಾರ್ಡಿಗೆ ಬಂದಾಗಿಂದ ಸಾರ್ಜೆಂಟ್ ಎಪೇಲಿ ಅವನ ಕಾಲ್ದೆಸೆಲೇ ಕೂತಿದ್ದ. ಹೊರಗಿನವರು ಒಬ್ರೂ ಹತ್ತಿರ ಹೋಗಿಲ್ಲ. ಹಾಗಾದ್ರೆ ಮದ್ದು ಒಳಗೆ ಹೋಗಿದ್ದು ವಾರ್ಡಿಗೆ ಬರೋಕೆ ಮೊದ್ಲು. ಅಂದ್ರೆ ನಿನ್ನ ಕೈಲಿ."

ಮುಚ್ಚಳ ಜಡಿದ ಪೆಟ್ಟಿಗೆಯ ಹಾಗಿತ್ತು ಆ ಮಾತು. ಎಲ್ಲಿ ತಟ್ಟಿದರೂ ಗಟ್ಟಿ.

"ಚಾರ್ಟು ತೋರ್ಸಿ," ಎಂದಳು ವಿಲಿಮೈನಾ.

"ಅಸಲು ಪೊಲೀಸರ ಹತ್ರ ಇದೆ. ಅವನಿಗೆ ಉಸಿರು ಬಂದ ಮೇಲೆ, ಒಂದು ಗಂಟೆಗೆ ಫೈಲು ತಗೊಂಡ್ರು. ಸಂಜೆ ಐದಕ್ಕೆ ಜೆರಾಕ್ಸ್ ಕಳ್ಸಿದ್ರು."

"ಜೆರಾಕ್ಸೇ ಕೊಡಿ."

ಎರಡು ಹಾಳೆ. ಎರಡನೆಯದು ರಿಕವರಿಯಿಂದ ವಾರ್ಡಿಗೆ ರೋಗಿಯನ್ನು ಒಪ್ಪಿಸಿದ ಪತ್ರ. ಅದರಲ್ಲಿ ಅವಳ ಸಹಿ, ಪಕ್ಕದಲ್ಲಿ ವಾರ್ಡ್ ನರ್ಸ್ ಕಮ್ಲೇಶ್ನಿಯ ಸಹಿ. ಎರಡೂ ಅಸಲಿ. ಮೊದಲನೆಯದು ಐದೈದು ನಿಮಿಷಕ್ಕೆ ರೋಗಿಯ ನಾಡಿ, ರಕ್ತದೊತ್ತಡ, ಉಸಿರು ಬರೆಯುವ ಹಾಳೆ.

ಅವಳು ಉಸಿರಿನ ಸಾಲಿಗೆ ಬೆರಳಿಟ್ಟಳು. ಮಾರ್ಫಿನ್ ಹೆಚ್ಚಾದರೆ ಮೊದಲು ಇಳಿಯುವುದು ಅದೇ. ಹದಿನಾರು. ಹದಿನಾರು. ಹನ್ನೆರಡು. ಹನ್ನೊಂದು ಇಪ್ಪತ್ತಕ್ಕೆ 'ಮಾರ್ಫಿನ್ ೧೦'. ಮತ್ತೆ ಹನ್ನೆರಡು, ಹನ್ನೆರಡು. ಎಂಟು. ಎಂಟು. ಹನ್ನೊಂದು ನಲವತ್ತಕ್ಕೆ ಎಂಟು. ಬಾಲ ಎಳೆದು ಬರೆದ ಅಂಕಿಗಳು. ಅವಳ ಅಕ್ಷರದ ಹಾಗೇ ಇತ್ತು. ಚೆನ್ನಾಗಿ ಅಭ್ಯಾಸ ಮಾಡಿದ್ದರು.

ಅವಳಿಗೆ ನಗು ಬಂತು. ಎರಡು ದಿನದಲ್ಲಿ ಮೊದಲ ಸಲ.

"ಏನು ನಗ್ತಿದ್ದೀಯ? ನಗೋ ವಿಷಯನಾ ಇದು?"

"ನನ್ನನ್ನ ಕೊಲೆಗಾರ್ತಿ ಅನ್ನಿ, ಸಹಿಸ್ಕೋತೀನಿ. ಎಂಟು ಉಸಿರಿರೋ ರೋಗಿನ ವಾರ್ಡಿಗೆ ಕಳಿಸಿದೆ ಅನ್ಬೇಡಿ. ಎಂಟಿದ್ರೆ ನಾನು ನಾಯಿನೂ ಆ ಕೋಣೆಯಿಂದ ಹೊರಗೆ ಬಿಡಲ್ಲ." ಅವಳು ಹಾಳೆಯನ್ನು ತಿರುಗಿಸಿ ಮೇಟ್ರನ್ ಮುಂದಿಟ್ಟಳು. "ಇದ್ರಲ್ಲಿ ಏನಿಲ್ಲ, ಹೇಳಿ."

"ಒಗಟು ಕೇಳೋಕೆ ನನಗೆ ಪುರಸೊತ್ತಿಲ್ಲ."

"ಬೆಸ ಸಂಖ್ಯೆ ಇಲ್ಲ. ಒಂದೂ ಇಲ್ಲ."

ಮೇಟ್ರನ್ ಕನ್ನಡಕ ಏರಿಸಿ ನೋಡಿದರು.

"ಹದಿನಾಲ್ಕು ವರ್ಷದ ಹಿಂದೆ ನೀವೇ ಕಲಿಸಿದ್ದು. ಅಂಗೈ ಎದೆ ಮೇಲೆ, ಕಣ್ಣು ಗಡಿಯಾರದ ಮೇಲೆ, ಪೂರ್ತಿ ಒಂದು ನಿಮಿಷ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದ್ದಕ್ಕೆ ಅಡಿಕೋಲಿಂದ ನನ್ನ ಗೆಣ್ಣಿಗೆ ಹೊಡೆದ್ರಿ. ಉಳಿದರ್ಧ ನಿಮಿಷದಲ್ಲಿ ರೋಗಿ ಸತ್ತಿದ್ರೆ ಅಂತ ಕೇಳಿದ್ರಿ. ಜ್ಞಾಪಕ ಇದ್ಯಾ?"

ಮೇಟ್ರನ್‌ಗೆ ಜ್ಞಾಪಕವಿತ್ತು.

"ಪೂರ್ತಿ ಎಣಿಸೋರ ಹಾಳೆಲಿ ಹದಿಮೂರಿರುತ್ತೆ, ಹದಿನೈದಿರುತ್ತೆ, ಹದಿನೇಳಿರುತ್ತೆ. ನನ್ನ ಹಳೇ ಚಾರ್ಟುಗಳು ಅಟ್ಟದ ಮೇಲಿವೆ. ಇಳಿಸಿ ನೋಡಿ."

"ಅರ್ಧ ಆಸ್ಪತ್ರೆ ಅರ್ಧ ನಿಮಿಷವೇ ಎಣಿಸೋದು, ವಿಲಿ. ಇಬ್ಬರು ರೋಗಿಗಳಿದ್ರು, ನೀನೊಬ್ಬಳೇ ಇದ್ದೆ. ಅವಸರದಲ್ಲಿ ನೀನೂ ಎಣಿಸಿರಬಹುದು."

"ಇದು ನೋಡಿ ಹಾಗಾದ್ರೆ." ಎರಡನೆಯ ಹಾಳೆಯ ಎಡ ಮೂಲೆಯಲ್ಲಿ ಸ್ಟೇಪ್ಲರ್ ಪಿನ್ನಿನ ತೂತುಗಳು ಜೆರಾಕ್ಸಿನಲ್ಲಿ ಕಪ್ಪು ಚುಕ್ಕೆಗಳಾಗಿ ಬಿದ್ದಿದ್ದವು. ಒಂದು ಜೊತೆ. ಅದರ ಕೆಳಗೆ ಇನ್ನೊಂದು ಜೊತೆ. ಮೊದಲನೆಯ ಹಾಳೆಯಲ್ಲಿ ಒಂದೇ ಜೊತೆ. "ಎರಡನೇ ಹಾಳೆಗೆ ಎರಡು ಸಲ ಪಿನ್ ಹೊಡೆದಿದ್ದಾರೆ. ಮೊದಲನೇದಕ್ಕೆ ಒಂದೇ ಸಲ. ನಾನು ಹೊಡೆದಿದ್ದು ಕಿತ್ತು, ಮೊದಲನೇ ಹಾಳೆ ಬದಲಾಯಿಸಿ, ಮತ್ತೆ ಹೊಡೆದಿದ್ದಾರೆ."

ಮೇಟ್ರನ್ ಎರಡೂ ಹಾಳೆಗಳ ಮೂಲೆ ಜೋಡಿಸಿ ಚುಕ್ಕೆ ಎಣಿಸಿದರು. ಆಮೇಲೆ ಪೆನ್ನನ್ನು ತಾವೇ ಎತ್ತಿಕೊಂಡು ಮುಚ್ಚಳ ಹಾಕಿದರು.

"ಮೂರು ಗಂಟೆ," ಎಂದರು. "ಯಾರು ಬದಲಾಯಿಸಿದ್ದು ಅಂತ ಮೂರು ಗಂಟೆಗೆ ಇದೇ ಕುರ್ಚಿಲಿ ಕೂತು ನನಗೆ ಹೇಳು. ಬರದೇ ಇದ್ರೆ ಸಹಿ ನಿರಾಕರಿಸಿದಳು ಅಂತ ಬರೆದು ಪತ್ರ ಕಳಿಸ್ತೀನಿ. ಚುಕ್ಕೆ ತೋರಿಸಿ ನನ್ನ ಕೈಲಿ ಇದಕ್ಕಿಂತ ಜಾಸ್ತಿ ಮಾಡಿಸೋಕಾಗಲ್ಲ. ಮತ್ತೆ, ಯಾವ ರೋಗಿಗೂ ಕೈ ಹಚ್ಚಬಾರದು ನೀನು."

*

ಹೊರಗೆ ಬೆಂಚಿನ ಮೇಲೆ ಸಾರ್ಜೆಂಟ್ ಎಪೇಲಿ ಕಾಲು ಚಾಚಿ ಕುಳಿತು ಎಲೆಯಲ್ಲಿ ಸುತ್ತಿದ ಬೇಯಿಸಿದ ಮರಗೆಣಸು ತಿನ್ನುತ್ತಿದ್ದ. ಲುಂಗಿಯಂಥ ನೀಲಿ ಸಮವಸ್ತ್ರ, ಸುಲುವಿನ ಮೇಲೆ ಪುಡಿ ಉದುರಿತ್ತು. ಪಕ್ಕದಲ್ಲಿ ಅವನು ಎಂದೂ ಬಿಡದ ಮಣ್ಣು ಬಣ್ಣದ ಕ್ಯಾನ್ವಾಸ್ ಚೀಲ. ವಿಶ್ವಸಂಸ್ಥೆಯ ಶಾಂತಿಪಾಲನೆಗೆಂದು ಮರುಭೂಮಿಗೆ ಹೋಗಿ ಎರಡು ವರ್ಷ ಇದ್ದು ಬಂದಾಗಿನಿಂದ ಅದು ಅವನ ಹೆಗಲಲ್ಲೇ ಇತ್ತು.

"ಏನಮ್ಮ ಏಡಿ ಕಳ್ಳಿ, ಮುದುಕಿ ನಿನ್ನ ಸುಟ್ಟು ತಿಂದ್ಲಾ, ಬೇಯಿಸಿ ತಿಂದ್ಲಾ?"

ಅವಳ ದ್ವೀಪಕ್ಕೂ ಅವನ ಗುಡ್ಡದ ಊರಿಗೂ ತೌವು ಸಂಬಂಧ. ಮೂಲಪುರುಷ ಒಬ್ಬನೇ ಎಂಬ ನಂಬಿಕೆ. ಹಾಗಾಗಿ ಎದುರಾದಾಗಲೆಲ್ಲ ಒಬ್ಬರನ್ನೊಬ್ಬರು ಬೈಯುವುದು ಹಕ್ಕು. ಬೈಯದಿದ್ದರೆ ಅವಮಾನ.

"ಗುಡ್ಡದ ಹಂದಿ ಹೊರಗೆ ಕಾಯ್ತಿದೆ, ಮೊದಲು ಅದನ್ನ ಸುಡಿ ಅಂದೆ."

ಎಪೇಲಿ ಗಹಗಹಿಸಿದ. ಎರಡು ದಿನದಿಂದ ಈ ಆಸ್ಪತ್ರೆಯಲ್ಲಿ ಅವಳನ್ನು ನೋಡಿ ನಗುವವನು ಅವನೊಬ್ಬನೇ. ಉಳಿದವರು ಕಾರಿಡಾರಿನಲ್ಲಿ ಅವಳು ಬಂದರೆ ಗೋಡೆಯ ಮೇಲಿನ ನೋಟೀಸು ಓದುತ್ತಿದ್ದರು.

"ಸಹಿ ಹಾಕಿದ್ಯಾ?" ಎಂದ, ದನಿ ತಗ್ಗಿಸಿ.

"ಇಲ್ಲ."

"ಇಸಾ, ಅಯ್ಯೋ ಹುಚ್ಚಿ. ಹಾಕಿಬಿಡೇ. ಮತಾಸೌಲಿ ಏನಿದೆ? ನಾಲ್ಕು ಜ್ವರ, ಎರಡು ಹೆರಿಗೆ. ಆರು ತಿಂಗಳು ತೆಂಗಿನಹಾಲಲ್ಲಿ ಮೀನು ಬೇಯಿಸ್ಕೊಂಡು ತಿಂದು ದಪ್ಪ ಆಗಿ ಬಾ. ಇಲ್ಲಿದ್ರೆ ನಿನ್ನ ಕೈಗೆ ಬೇಡಿ ಹಾಕೋ ಕೆಲಸ ನನಗೇ ಬರುತ್ತೆ. ಆಮೇಲೆ ನಮ್ಮೂರಿನವರು ನನ್ನನ್ನ ಊರೊಳಗೆ ಸೇರಿಸಲ್ಲ."

"ಬೇಡಿ ತಂದಿದ್ಯಾ?"

"ಜೇಬಲ್ಲೇ ಇದೆ."

"ಹಾಗಾದ್ರೆ ಎಣ್ಣೆ ಸವರಿ ಇಟ್ಕೋ. ಮೂರು ಗಂಟೆಗೆ ಬೇಕಾಗುತ್ತೆ. ನನಗಲ್ಲ."

ಅವನ ನಗು ಅರೆಕ್ಷಣ ತಡವಾಗಿ ಬಂತು. ಆಮೇಲೆ ಎಲೆ ಮುದುರಿ ಬುಟ್ಟಿಗೆ ಎಸೆದ. ಕಿತಿಯೋನೆ ಮಲಗಿದ್ದ ತೀವ್ರನಿಗಾ ಕೋಣೆಯ ಕಡೆಗೆ, ಚೀಲ ಹೆಗಲಿಗೇರಿಸಿಕೊಂಡು ಹೋದ.

*

ನೆಂಟರನ್ನು ಬಿಡುವ ಎರಡೂವರೆಯವರೆಗೆ ವಿಲಿಮೈನಾಳನ್ನು ವಾರ್ಡಿನ ಬಾಗಿಲಲ್ಲೇ ತಡೆದಿದ್ದರು. ಈಗ ನೆಂಟರ ಹೊತ್ತು. ಪ್ರತಿ ಮಂಚದ ಕೆಳಗೂ ಚಾಪೆ, ಚಾಪೆಯ ಮೇಲೆ ಒಂದು ಕುಟುಂಬ. ದಾಲೋ ಗಡ್ಡೆಯ ಆವಿ, ಸಾರಿನ ಒಗ್ಗರಣೆ, ಡೆಟಾಲು ಎಲ್ಲ ಕಲಸಿ ಒಂದೇ ವಾಸನೆಯಾಗಿತ್ತು. ಮೂಲೆಯಲ್ಲಿ ಯಾರೋ ಮೆಲ್ಲಗೆ ಪ್ರಾರ್ಥನೆ ಹಾಡುತ್ತಿದ್ದರು. ಏಳನೆಯ ಮಂಚ ಮಾತ್ರ ಖಾಲಿ. ಕಿತಿಯೋನೆ ನೀಲಿಗಟ್ಟಿದ್ದು ಅದರ ಮೇಲೆ.

ಕಮ್ಲೇಶ್ನಿ ಔಷಧಿ ಗಾಡಿ ನೂಕಿಕೊಂಡು ಬರುತ್ತಿದ್ದವಳು ವಿಲಿಮೈನಾಳನ್ನು ಕಂಡು ಹಿಂದಕ್ಕೆ ತಿರುಗಿದಳು. ಗಾಡಿಯ ಚಕ್ರ ಚಾಪೆಗೆ ಸಿಕ್ಕಿಕೊಂಡಿತು.

"ಓಡ್ಬೇಡ. ನಿನ್ನ ಗಾಡಿಗೆ ಓಡೋ ಯೋಗ್ಯತೆ ಇಲ್ಲ."

"ಅಕ್ಕ, ನಿಮ್ಮ ಜೊತೆ ಮಾತಾಡಬಾರದು ಅಂತ ಹೇಳಿದ್ದಾರೆ."

"ಮಾತು ಬೇಡ. ಒಂದು ಕೆಲಸ ಮಾಡು." ವಿಲಿಮೈನಾ ನಾಲ್ಕನೆಯ ಮಂಚದ ಅಜ್ಜಿಯನ್ನು ತೋರಿಸಿದಳು. ಸೊಂಟದ ಮೂಳೆಗೆ ಸರಳು ಹಾಕಿಸಿಕೊಂಡ ಅಜ್ಜಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. "ಅವಳ ಉಸಿರು ಎಣಿಸು."

"ಯಾಕೆ?"

"ನಾನು ಕೈ ಹಚ್ಚಬಾರದಂತೆ. ನೀನು ಹಚ್ಚು."

ಕಮ್ಲೇಶ್ನಿ ಅನುಮಾನದಿಂದಲೇ ಅಜ್ಜಿಯ ಎದೆಯ ಮೇಲೆ ಅಂಗೈ ಇಟ್ಟಳು, ಗೋಡೆ ಗಡಿಯಾರ ನೋಡಿದಳು. ಮುಳ್ಳು ಅರ್ಧ ಸುತ್ತು ಬಂತು. ಕೈ ತೆಗೆಯಲಿಲ್ಲ. ಪೂರ್ತಿ ಸುತ್ತಿತು.

"ಹತ್ತೊಂಬತ್ತು."

ವಿಲಿಮೈನಾ ಉಸಿರು ಬಿಟ್ಟಳು. ಕಮ್ಲೇಶ್ನಿ ಅಲ್ಲ. ಪೂರ್ತಿ ಎಣಿಸುವ ಹುಡುಗಿ ಸುಳ್ಳು ಬರೆಯಲು ಕೂತರೂ ನಡುವೆ ಒಂದು ಹದಿಮೂರೋ ಹದಿನೈದೋ ಬಿದ್ದೇ ಬೀಳುತ್ತದೆ. ಬರೆಯುವವರಿಗೆ ಗೊತ್ತಾಗದ ಹಾಗೆ ಕೈ ತನ್ನ ರೂಢಿಯನ್ನು ಬರೆಯುತ್ತದೆ.

"ಮೊನ್ನೆ ಅವನು ಬಂದಾಗ ಎಷ್ಟಿತ್ತು?"

ಕಮ್ಲೇಶ್ನಿಯ ಮುಖ ಕುಸಿಯಿತು. ಔಷಧಿ ಗಾಡಿಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಎಣಿಸಲಿಲ್ಲ ಅಕ್ಕ. ಮೊದಲ ಗಂಟೆ ಕಾಲು ಗಂಟೆಗೊಂದು ಸಲ ನೋಡ್ಬೇಕು, ಗೊತ್ತು. ಎಚ್ಚರ ಇದ್ದ, ಮಾತಾಡ್ತಿದ್ದ. ಊಟಕ್ಕೆ ಮೀನು ಕೊಡ್ತೀರಾ ಇಲ್ವಾ ಅಂತ ನನ್ನ ಜೊತೆ ಜಗಳ ಆಡಿದ. ಆಗಲೇ ಹನ್ನೊಂದನೇ ಮಂಚದವನ ಹೊಲಿಗೆ ಬಿಚ್ಕೊಂಡು ರಕ್ತ. ನಾನು ಅಲ್ಲಿಗೋದೆ. ನಲವತ್ತು ನಿಮಿಷ." ಅವಳ ದನಿ ಒಡೆಯಿತು. "ಪೊಲೀಸ್ ಕೂತಿದ್ರಲ್ಲ ಅಂತ ಧೈರ್ಯ. ಪರದೆ ಎಳೆದು ಪಕ್ಕದಲ್ಲೇ ಕೂತಿದ್ರು. ನೊಣನೂ ಒಳಗೆ ಹೋಗಿಲ್ಲ. ನಾನು ಬಂದು ಪರದೆ ಸರಿಸಿದ್ರೆ ತುಟಿ ನೀಲಿ."

"ಮೀನಿಗೆ ಜಗಳ ಆಡೋನು ಎಂಟು ಉಸಿರಲ್ಲಿ ಬಂದಿರ್ತಾನಾ?"

ಕಮ್ಲೇಶ್ನಿ ತಲೆ ಎತ್ತಿದಳು.

"ನೀನು ಈ ಮಾತನ್ನ ಮೇಟ್ರನ್ ಹತ್ರ ಹೇಳಿದ್ಯಾ?"

"ಹೇಳಿದ್ರೆ ಎಣಿಸಲಿಲ್ಲ ಅನ್ನೋದೂ ಹೇಳ್ಬೇಕಾಗುತ್ತೆ."

"ಹೌದು, ಹೇಳ್ಬೇಕಾಗುತ್ತೆ. ನಾನು ನನ್ನ ಸಿಂಕಿನ ವಿಷಯ ಹೇಳಿದೆ. ನಾನೇನು ಸತ್ತೋದೆನಾ? ಇಲ್ಲೇ ನಿಂತಿದ್ದೀನಿ." ವಿಲಿಮೈನಾ ಜೆರಾಕ್ಸ್ ಹಾಳೆ ಬಿಡಿಸಿ ಗಾಡಿಯ ಮೇಲೆ ಹರಡಿದಳು. "ನಿನ್ನ ಕಣ್ಣು ನನ್ನದಕ್ಕಿಂತ ಚುರುಕು. ನೋಡು. ಅರ್ಧ ನಿಮಿಷ ಎಣಿಸೋರು ಬರೆದಿದ್ದಾ ಇದು?"

ಕಮ್ಲೇಶ್ನಿ ಮೂಗೊರೆಸಿಕೊಂಡು ಬಗ್ಗಿದಳು. ತುಟಿ ಅಲುಗಿಸಿ ಓದಿದಳು. ಹದಿನಾರು, ಹನ್ನೆರಡು, ಎಂಟು. ಇನ್ನೊಮ್ಮೆ ಓದಿದಳು.

"ಹದಿನಾಲ್ಕು ಎಲ್ಲಿ?" ಎಂದಳು. "ಹತ್ತು ಎಲ್ಲಿ? ಹದಿನಾರಿಂದ ಹನ್ನೆರಡಕ್ಕೆ ಹಾರಿದೆ. ಹನ್ನೆರಡಿಂದ ಎಂಟಕ್ಕೆ. ಅಕ್ಕ, ಇದು ನಾಲ್ಕರ ಮಗ್ಗಿ."

ವಿಲಿಮೈನಾ ಹಾಳೆಯನ್ನು ಕಿತ್ತುಕೊಂಡಳು. ಅವಳು ಇದನ್ನು ನೋಡಿರಲಿಲ್ಲ. ಬೆಸ ಇಲ್ಲ ಎಂಬ ಖುಷಿಯಲ್ಲಿ ಮುಂದೆ ನೋಡುವುದನ್ನೇ ಬಿಟ್ಟಿದ್ದಳು.

ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವವರು. ಕಾಲು ನಿಮಿಷ. ಈ ಆಸ್ಪತ್ರೆಯಲ್ಲಿ ಅತೀ ಸೋಮಾರಿ ನರ್ಸ್ ಕೂಡ ಅಷ್ಟು ಕಡಿಮೆ ಎಣಿಸುವುದಿಲ್ಲ.

"ಯಾರು ಹಾಗೆ ಎಣಿಸ್ತಾರೆ?"

"ಆಂಬುಲೆನ್ಸ್‌ನವರು," ಎಂದಳು ಕಮ್ಲೇಶ್ನಿ. "ರಸ್ತೆಲಿ ಬಿದ್ದವರ ಹತ್ರ ಪೂರ್ತಿ ನಿಮಿಷ ಎಲ್ಲಿರುತ್ತೆ? ನಮ್ಮ ಒಸೇಯಾ ಹಾಗೇ ಎಣಿಸೋದು. ಮೊನ್ನೆ ಹನ್ನೆರಡಕ್ಕೆ ರೋಗಿ ಬಿಡೋಕೆ ಇಲ್ಲಿಗೆ ಬಂದಿದ್ದ." ಅಂದವಳು ತಾನೇ ಗಾಬರಿಯಾದಳು. "ಆದ್ರೆ ಒಸೇಯಾ... ಅವನು ಪರದೆ ಒಳಗೆ ಹೋಗಿಲ್ಲ ಅಕ್ಕ. ಸಾರ್ಜೆಂಟ್ ಇದ್ರಲ್ಲ."

"ಫೈಲು ಎಲ್ಲಿತ್ತು?"

"ನನ್ನ ಮೇಜಿನ ಮೇಲೆ. ಒಂದು ಗಂಟೆವರೆಗೆ."

ಮೇಜು ಬಾಗಿಲ ಬಳಿಯೇ ಇತ್ತು. ಅದರ ಪಕ್ಕದ ತಟ್ಟೆಯಲ್ಲಿ ಖಾಲಿ ಚಾರ್ಟುಗಳ ಕಟ್ಟು. ಬರುವವರು ಹೋಗುವವರು ಯಾರು ಬೇಕಾದರೂ ಒಂದು ಹಾಳೆ ಎಳೆಯಬಹುದು. ಮದ್ದು ಹೇಗೆ ಹೋಯಿತೋ ಆಮೇಲೆ ನೋಡೋಣ. ಮೊದಲು ಒಸೇಯಾನನ್ನು ಹಿಡಿಯಬೇಕು. ಹಿಡಿಯಲು ಪೊಲೀಸ್ ಬೇಕು.

ಗಡಿಯಾರದಲ್ಲಿ ಎರಡೂ ಮುಕ್ಕಾಲು.

"ನೀನು ಮೇಟ್ರನ್ ಹತ್ರ ಹೋಗ್ತೀಯ. ಮೀನಿನ ಜಗಳ ಹೇಳ್ತೀಯ. ಎಣಿಸಲಿಲ್ಲ ಅಂತಾನೂ ಹೇಳ್ತೀಯ."

"ಕೆಲಸ ಹೋಗುತ್ತೆ ಅಕ್ಕ."

"ಹೋಗಲ್ಲ. ಮೂರು ಗಂಟೆಗೆ ನಾನು ಅಲ್ಲಿರ್ತೀನಿ. ನಿನ್ನ ಪಕ್ಕದಲ್ಲೇ ಕೂತಿರ್ತೀನಿ."

*

ತೀವ್ರನಿಗಾ ಕೋಣೆಯಲ್ಲಿ ಎರಡೇ ಮಂಚ. ಒಂದು ಖಾಲಿ. ಇನ್ನೊಂದರಲ್ಲಿ ಕಿತಿಯೋನೆ ಅಂಗಾತ ಮಲಗಿದ್ದ. ಇಂಜಿನ್ ಎಣ್ಣೆ ಹೊಕ್ಕು ಕಪ್ಪಾದ ಉಗುರುಗಳು ಬಿಳಿ ಹೊದಿಕೆಯ ಮೇಲೆ ಎದ್ದು ಕಾಣುತ್ತಿದ್ದವು. ಬೆಳಿಗ್ಗೆ ಗಂಟಲ ಕೊಳವೆ ತೆಗೆದಿದ್ದರು. ಸ್ವಂತವಾಗಿ ಉಸಿರಾಡುತ್ತಿದ್ದ, ಕಣ್ಣು ಬಿಟ್ಟಿರಲಿಲ್ಲ. ಬಿಡಬಹುದು, ಇವತ್ತೋ ನಾಳೆಯೋ ಎಂದಿದ್ದರು ವೈದ್ಯರು.

ಎಪೇಲಿ ಮಂಚದ ಪಕ್ಕದ ಕುರ್ಚಿಯಲ್ಲಿದ್ದ.

"ಇಲ್ಲಿನ ನರ್ಸ್ ಎಲ್ಲಿ?" ಎಂದಳು ವಿಲಿಮೈನಾ.

"ರಕ್ತದ ಸೀಸೆ ಹಿಡ್ಕೊಂಡು ಲ್ಯಾಬಿಗೆ. ಕಳಿಸೋಕೆ ಬೇರೆ ಜನ ಇಲ್ವಂತೆ. ನೋಡ್ಕೊಂಡಿರು ಅಂದ್ಲು. ನೋಡ್ಕೊಂಡಿದ್ದೀನಿ." ಅವನು ಹುಬ್ಬು ಹಾರಿಸಿದ. "ಓಡಿ ಬಂದೆಯಲ್ಲ, ಏಡಿಗೆ ಓಡೋಕೂ ಬರುತ್ತಾ?"

"ಫೈಲಿಗೆ ಯಾರ್ಯಾರು ಕೈ ಹಾಕಿದ್ದಾರೆ ಅಂತ ನಿನಗೆ ಗೊತ್ತಿರ್ಬೇಕು."

"ನಾನೇ. ವಾರ್ಡಿನ ಮೇಜಿಂದ ಎತ್ತಿ ಈ ಚೀಲಕ್ಕೆ ಹಾಕಿದೆ. ಸಂಜೆ ಜೆರಾಕ್ಸ್ ಮಾಡಿಸೋವರೆಗೆ ಚೀಲ ನನ್ನ ಹೆಗಲು ಬಿಟ್ಟು ಇಳಿದಿಲ್ಲ."

"ಹಾಗಾದ್ರೆ ಬದಲಾಗಿದ್ದು ಅದಕ್ಕೂ ಮೊದಲು. ಎಪೇಲಿ, ಆಂಬುಲೆನ್ಸಿನ ಒಸೇಯಾ..."

ಮಾತು ಅಲ್ಲೇ ನಿಂತಿತು. ಮಾನಿಟರಿನ ಪರದೆಯ ಮೇಲೆ ಗೆರೆ ಇರಲಿಲ್ಲ. ಕಿತಿಯೋನೆಯ ಬೆರಳಿಗೆ ಸಿಕ್ಕಿಸಿದ್ದ ಕ್ಲಿಪ್ ಹೊದಿಕೆಯ ಮೇಲೆ ಬಿದ್ದಿತ್ತು.

"ಇದನ್ನ ಯಾರು ತೆಗೆದಿದ್ದು?"

"ನಾನೇ. ಸುಮ್‌ಸುಮ್ನೆ ಕಿರುಚ್ತಾ ಇತ್ತು. ಹೆದರ್ಬೇಡ, ಉಸಿರಾಡ್ತಿದ್ದಾನೆ. ನೋಡು ಬೇಕಾದ್ರೆ." ಎಪೇಲಿ ನಿರಾಳವಾಗಿ ಮುಂದೆ ಬಾಗಿ ಕಿತಿಯೋನೆಯ ಎದೆಯ ಮೇಲೆ ಅಂಗೈ ಇಟ್ಟ, ಎಡಗೈಯ ಗಡಿಯಾರ ತಿರುಗಿಸಿಕೊಂಡ. "ಮರುಭೂಮಿಲಿ ನನಗೆ ಬಂದೂಕು ಯಾರು ಕೊಟ್ರು? ಬ್ಯಾಂಡೇಜು ಸುತ್ತೋದು, ಸೂಜಿ ಚುಚ್ಚೋದು. ಎರಡು ವರ್ಷ ಅದೇ."

ಅವನ ತುಟಿ ಅಲುಗಿತು. ಸೆಕೆಂಡಿನ ಮುಳ್ಳು ಹನ್ನೆರಡರಿಂದ ಹೊರಟು ಮೂರಕ್ಕೆ ಬಂತು.

ಅವನು ಕೈ ತೆಗೆದ.

"ಹನ್ನೆರಡು," ಎಂದ.

ಕೋಣೆಯಲ್ಲಿ ಏನೂ ಬದಲಾಗಲಿಲ್ಲ. ಕಿಟಕಿಯಾಚೆ ಬಟ್ಟೆ ಒಗೆಯುವ ಹೆಂಗಸರು ಏನೋ ಹೇಳಿಕೊಂಡು ನಗುತ್ತಿದ್ದರು. ಮರಗೆಣಸಿನ ಪುಡಿ ಅವನ ಸುಲುವಿನ ಮೇಲೆ ಇನ್ನೂ ಹಾಗೇ ಇತ್ತು. ಪರದೆ ಎಳೆದು ಪಕ್ಕದಲ್ಲೇ ಕೂತಿದ್ರು. ನೊಣನೂ ಒಳಗೆ ಹೋಗಿಲ್ಲ. ಚೀಲ ಹೆಗಲು ಬಿಟ್ಟು ಇಳಿದಿಲ್ಲ. ಒಂದರಿಂದ ಐದರವರೆಗೆ ನಾಲ್ಕು ಗಂಟೆ. ಒಂದು ಹಾಳೆ ಅಭ್ಯಾಸ ಮಾಡಿ ಬರೆಯಲು ಧಾರಾಳ.

"ಒಸೇಯಾ ಏನು?" ಎಂದ ಎಪೇಲಿ.

"ಏನಿಲ್ಲ."

ಅವಳು ಮಂಚದ ಇನ್ನೊಂದು ಬದಿಗೆ ಹೋದಳು. ಯಾವ ರೋಗಿಗೂ ಕೈ ಹಚ್ಚಬಾರದು ಎಂದಿದ್ದರು ಮೇಟ್ರನ್. ಅವಳು ಅಂಗೈಯನ್ನು ಕಿತಿಯೋನೆಯ ಎದೆಯ ಮೇಲೆ ಚಪ್ಪಟೆಯಾಗಿ ಇಟ್ಟಳು, ಗೋಡೆ ಗಡಿಯಾರ ನೋಡಿದಳು.

"ಹನ್ನೆರಡು ಅಂದೆನಲ್ಲ."

"ಕೇಳಿಸ್ತು."

ಮುಳ್ಳು ಮೂರು ದಾಟಿತು. ಆರು ದಾಟಿತು. ಉಸಿರಿಗೂ ಉಸಿರಿಗೂ ನಡುವೆ ಜಾಗ ಹಿಗ್ಗುತ್ತಿತ್ತು. ಮೊದಲ ಕಾಲು ನಿಮಿಷದಲ್ಲಿ ಮೂರು. ಎರಡನೆಯದರಲ್ಲೂ ಮೂರು. ಮೂರನೆಯದರಲ್ಲಿ ಎರಡು. ಕೊನೆಯದರಲ್ಲಿ ಒಂದೇ ಒಂದು.

"ಒಂಬತ್ತು," ಎಂದಳು ವಿಲಿಮೈನಾ. "ಪೂರ್ತಿ ಎಣಿಸ್ಬೇಕು, ಸಾರ್ಜೆಂಟ್."

ಅವನನ್ನು ಅವಳು ಎಂದೂ ಸಾರ್ಜೆಂಟ್ ಎಂದು ಕರೆದಿರಲಿಲ್ಲ. ಎಪೇಲಿ ತಲೆ ಓರೆ ಮಾಡಿ ಅವಳನ್ನು ನೋಡಿದ. ಬೈಗುಳ ಬರಲಿಲ್ಲ.

ಅವಳ ಕಣ್ಣು ಡ್ರಿಪ್ಪಿನ ಕೊಳವೆಯನ್ನು ಹಿಡಿದು ಮೇಲಕ್ಕೆ ಹೋಯಿತು. ಹನಿಹನಿಯಾಗಿ ಬೀಳಬೇಕಾದದ್ದು ದಾರದ ಹಾಗೆ ಇಳಿಯುತ್ತಿತ್ತು. ಚಕ್ರವನ್ನು ಪೂರ್ತಿ ತೆರೆದಿದ್ದರು. ಬಾಟಲಿಯ ಕೆಳಗೆ ಔಷಧಿ ಸೇರಿಸುವ ರಬ್ಬರಿನ ಮೇಲೆ ಒಂದು ಒದ್ದೆ ಚುಕ್ಕೆ, ಸೂಜಿಯ ಗಾತ್ರದ್ದು, ಇನ್ನೂ ಆರಿರಲಿಲ್ಲ.

ಅವಳು ಚಕ್ರ ತಿರುಗಿಸಿ ಡ್ರಿಪ್ ನಿಲ್ಲಿಸಿದಳು.

"ಕಿತಿಯೋನೆ! ಕಣ್ಣು ಬಿಡು. ಉಸಿರು ತಗೋ. ದೊಡ್ಡದಾಗಿ." ಗೆಣ್ಣಿನಿಂದ ಅವನ ಎದೆಮೂಳೆಯನ್ನು ಉಜ್ಜಿದಳು. ಒಂದು ಉಸಿರು ಬಂತು, ಗೊರಕೆಯ ಹಾಗೆ.

ಮೇಜಿನ ಮೇಲಿನ ಫೋನು ರಿಂಗಾಯಿತು.

"ನಿನಗೇ ಇರ್ಬೇಕು," ಎಂದ ಎಪೇಲಿ. ದನಿ ಮೆತ್ತಗೇ ಇತ್ತು. "ಮೂರು ಗಂಟೆ. ಹೋಗು ವಿಲಿ. ಹೋಗಿ ನಿನ್ನ ಕೆಲಸ ಉಳಿಸ್ಕೋ. ಇವನನ್ನ ನಾನು ನೋಡ್ಕೋತೀನಿ."

ಹೋದರೆ ಹದಿನಾಲ್ಕು ವರ್ಷ ಉಳಿಯುತ್ತಿತ್ತು. ಇವನು ಉಳಿಯುತ್ತಿರಲಿಲ್ಲ. ಅವಳು ಎಡಗೈಯನ್ನು ಎದೆಯಿಂದ ತೆಗೆಯದೆಯೇ ಬಲಗೈ ಚಾಚಿ ಫೋನೆತ್ತಿದಳು.

"ಎಲ್ಲಿದ್ದೀಯ?" ಮೇಟ್ರನ್ ದನಿ. "ಕಮ್ಲೇಶ್ನಿ ಇಲ್ಲಿ ಅಳ್ತಾ ಕೂತಿದ್ದಾಳೆ. ಹೊರಗೆ ಏರ್‌ಪೋರ್ಟಿಗೆ ಹೋಗೋ ಕಾರು ನಿಂತಿದೆ. ಬರ್ತೀಯಾ, ಪತ್ರ ಕಳಿಸ್ಲಾ?"

"ನಾನು ಬರಲ್ಲ," ಎಂದಳು ವಿಲಿಮೈನಾ. "ನೀವೇ..."

ದಪ್ಪ ಬೆರಳೊಂದು ಫೋನಿನ ಗುಂಡಿಯನ್ನು ಒತ್ತಿತು. ಗೊರ್ ಎನ್ನುವ ಸದ್ದು.

ಮೇಟ್ರನ್‌ಗೆ ಪೂರ್ತಿಯಾಗಿ ಕೇಳಿಸಿದ್ದು ಒಂದೇ ಮಾತು. ನಾನು ಬರಲ್ಲ. ಇಷ್ಟು ಹೊತ್ತಿಗೆ ಅವರು ಲಕೋಟೆಗೆ ಅಂಟು ಹಚ್ಚುತ್ತಿರಬೇಕು.

ಎಪೇಲಿ ಅವಸರ ಮಾಡಲಿಲ್ಲ. ಬಾಗಿಲಿಗೆ ಹೋಗಿ ಚಿಲಕ ಹಾಕಿದ. ಚೀಲವನ್ನು ಖಾಲಿ ಮಂಚದ ಮೇಲಿಟ್ಟು ಒಳಗೆ ಕೈ ಹಾಕಿದ.

"ಆಗಲೇ ಹೇಳಿದೆ, ಸಹಿ ಹಾಕು ಅಂತ," ಎಂದ.

"ಹಾಕಲ್ಲ."

ಅವಳು ಮಂಚ ಬಿಟ್ಟು ಕದಲಲಿಲ್ಲ. ಕಿತಿಯೋನೆಯ ದವಡೆಯನ್ನು ಮೇಲಕ್ಕೆತ್ತಿ ಹಿಡಿದಳು, ಗಂಟಲಿನ ದಾರಿ ಮುಚ್ಚದಂತೆ. ಇನ್ನೊಂದು ಅಂಗೈ ಎದೆಯ ಮೇಲೆ, ಕಣ್ಣು ಗಡಿಯಾರದ ಮೇಲೆ. ಮುಳ್ಳು ಹೊಸ ಸುತ್ತಿಗೆ ಹೊರಟಿತ್ತು. ಒಂದು. ಎರಡು. ಬೆನ್ನ ಹಿಂದೆ ಚೀಲದ ಜಿಪ್ಪು ಪೂರ್ತಿ ತೆರೆದುಕೊಂಡ ಸದ್ದು. ಅವಳು ತಿರುಗಿ ನೋಡಲಿಲ್ಲ. ತಿರುಗಿದರೆ ಎಣಿಕೆ ತಪ್ಪುತ್ತಿತ್ತು.

ಮುಳ್ಳು ಆರು ದಾಟಿತು. ಮೂರನೆಯ ಉಸಿರು ಇನ್ನೂ ಬಂದಿರಲಿಲ್ಲ.